ಮಾಲೆ ತೆಗೆದ ವಾರಕ್ಕೇ ಹಳೇ ಚಟ ವಾಪಸ್: ಜಪ, ವ್ರತ, ಮನಸ್ಸಿನ ಹಠದ ಬಗ್ಗೆ ಪ್ರಶ್ನೋತ್ತರ

(ಈ ವಾರ ಉತ್ತರಿಸುವವರು: ಅನುಷ್ಠಾನ ಹೇಳಿಕೊಡುವ ಪುರೋಹಿತರು ಒಬ್ಬರು, ಮನೋವೈದ್ಯೆ ಒಬ್ಬರು. ಕೇಳಿದವರ ಹೆಸರು ತೆಗೆಯಲಾಗಿದೆ.)

ಪ್ರಶ್ನೆ: ಪ್ರತಿ ವರ್ಷ ಅಯ್ಯಪ್ಪ ಮಾಲೆ ಹಾಕ್ತೀನಿ. 41 ದಿನ ಕುಡಿತ, ಸಿಗರೇಟು, ಮಾಂಸ ಯಾವುದೂ ಇಲ್ಲ, ಆಸೆಯೂ ಅಷ್ಟಾಗಿ ಕಾಡಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ವಾರದೊಳಗೆ ಎಲ್ಲ ವಾಪಸ್. ನನ್ನ ಭಕ್ತಿಯಲ್ಲೇ ಖೋಟಾ ಇದೆಯಾ?

ಪುರೋಹಿತರು: ಭಕ್ತಿಯಲ್ಲಿ ಖೋಟಾ ಇಲ್ಲ, ಲೆಕ್ಕ ಹಾಕಿದ್ದರಲ್ಲಿ ಇದೆ. ಆ 41 ದಿನ ನಿಮ್ಮನ್ನು ಹಿಡಿದು ನಿಲ್ಲಿಸಿದ್ದು ಬರೀ ಮನೋಬಲ ಅಂದುಕೊಂಡಿದ್ದೀರಿ. ಎಣಿಸಿ ನೋಡಿ: ಕೊರಳಲ್ಲಿ ಮಾಲೆ, ಮೈಮೇಲೆ ಕಪ್ಪು ಬಟ್ಟೆ, ಬೆಳಿಗ್ಗೆ ಸಂಜೆ ತಣ್ಣೀರು ಸ್ನಾನ, ಚಾಪೆಯ ಮೇಲೆ ನಿದ್ದೆ, ಸಂಜೆ ಶರಣು ಕೂಗುವುದಕ್ಕೆ ನಾಲ್ಕು ಜನ ಜೊತೆ, ತಲೆಯ ಮೇಲೆ ಗುರುಸ್ವಾಮಿಯ ಕಣ್ಣು. ಅಂಗಡಿಯವನೂ ‘ಏನು ಸ್ವಾಮಿ’ ಅಂತಾನೆ. ಹಾಗೆ ಕರೆಸಿಕೊಂಡವನು ಬಾರ್ ಮೆಟ್ಟಿಲು ಹತ್ತಲಾರ. ಇಷ್ಟೂ ಆಸರೆ ಮಾಲೆಯ ಜೊತೆಗೆ ಒಂದೇ ದಿನ ಕಳಚಿ ಬೀಳುತ್ತವೆ. ಮಾರನೆಯ ದಿನ ಸಂಜೆ ಏಳು ಗಂಟೆಗೆ ಮಾಡುವುದಕ್ಕೆ ಏನೂ ಇರುವುದಿಲ್ಲ. ಚಟಕ್ಕೆ ಬೇಕಾದದ್ದೂ ಆ ಖಾಲಿ ಹೊತ್ತೇ.

ಇನ್ನೊಂದು ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೂವತ್ತೈದನೆಯ ದಿನದ ಹೊತ್ತಿಗೆ ಸ್ನೇಹಿತರ ಗುಂಪಿನಲ್ಲಿ ‘ಮಾಲೆ ತೆಗೆದ ಮೇಲೆ ಸೇರೋಣ’ ಅನ್ನುವ ಮಾತು ಶುರುವಾಗಿರುತ್ತದೆ. ಅಲ್ಲಿಂದಾಚೆ ಬಾಯಲ್ಲಿ ಶರಣು, ಮನಸ್ಸಿನಲ್ಲಿ ಬಿರಿಯಾನಿ. ಗೀತೆಯ ಎರಡನೆಯ ಅಧ್ಯಾಯದ 62 ಮತ್ತು 63ನೆಯ ಶ್ಲೋಕಗಳು ಹೇಳುವ ಸರಪಳಿ ಇದೇ: ವಿಷಯವನ್ನು ಮೆಲುಕು ಹಾಕಿದರೆ ನಂಟು, ನಂಟಿನಿಂದ ಕಾಮ, ಕಾಮದಿಂದ ಕ್ರೋಧ, ಆಮೇಲೆ ಸಮ್ಮೋಹ, ಸ್ಮೃತಿ ತಪ್ಪುವುದು, ಬುದ್ಧಿ ಕೆಡುವುದು. ಮೊದಲ ಕೊಂಡಿ ಇನ್ನೂ ಮೆಲುಕಿನ ಮಟ್ಟದಲ್ಲಿರುವಾಗಲೇ ಬಿಡಿಸಬೇಕು. ಬಾಟಲಿ ಎದುರಿಗೆ ಬಂದ ಮೇಲೆ ಬಿಡಿಸುವುದು ಏಳನೆಯ ಕೊಂಡಿಯಲ್ಲಿ ಎಳೆದಾಡಿದ ಹಾಗೆ.

ಈ ಸಲ ಇರುಮುಡಿ ಕಟ್ಟುವ ಮೊದಲೇ, ಮಾಲೆ ತೆಗೆದ ಮೇಲೂ ಉಳಿಸಿಕೊಳ್ಳುವ ಮೂರು ಸಂಗತಿ ಚೀಟಿಯಲ್ಲಿ ಬರೆಯಿರಿ. ಮೂರೇ ಸಾಕು. ಒಂದು, ಸಂಜೆ ಅದೇ ಹೊತ್ತಿಗೆ ದೀಪ, 108 ಶರಣು. ಕಾಲು ಗಂಟೆಯ ಕೆಲಸ. ಎರಡು, ಶನಿವಾರದ ಭಜನೆಗೆ ಅದೇ ಜನರ ಜೊತೆ ಹೋಗುವುದು. ಇದನ್ನು ಮಾತ್ರ ಬಿಡಬೇಡಿ, ಜೊತೆ ತಪ್ಪಿದವರೇ ಮೊದಲು ಜಾರುವುದು. ಮೂರು, ಒಂದೇ ಒಂದು ವರ್ಜ್ಯ, ಅದಕ್ಕೊಂದು ಕೊನೆಯ ದಿನ. ‘ಇನ್ನು ಜನ್ಮದಲ್ಲಿ ಮುಟ್ಟಲ್ಲ’ ಅನ್ನುವ ಸಂಕಲ್ಪ ಸೊಗಸು, ಆದರೆ ಅದಕ್ಕೆ ಅಂಚಿಲ್ಲ, ಮನಸ್ಸು ಎಲ್ಲಿಂದ ಬೇಕಾದರೂ ನುಸುಳುತ್ತದೆ. ‘ಇನ್ನೊಂದು ಮಂಡಲ (41 ದಿನ), ಇಂಥ ತಾರೀಕಿನವರೆಗೆ’ ಅನ್ನಿ. ಮುಗಿದ ದಿನವೇ ಮುಂದಿನ ಸಂಕಲ್ಪ.

ಮನೋವೈದ್ಯೆ: ಇದಕ್ಕೊಂದು ಎಚ್ಚರಿಕೆ ಸೇರಿಸುತ್ತೇನೆ. ದಿನಾ ಜಾಸ್ತಿ ಕುಡಿಯುವವರು, ಬೆಳಿಗ್ಗೆ ಎದ್ದಾಗ ಕೈ ನಡುಗುವವರು, ಮಾಲೆ ಹಾಕುವ ದಿನ ಒಮ್ಮೆಲೇ ನಿಲ್ಲಿಸುವುದು ಅಪಾಯ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ವಿಪರೀತ ಬೆವರು, ಗಾಬರಿ, ಇಲ್ಲದ್ದು ಕಾಣುವುದು ಆದರೆ ಅದು ಜೀವಕ್ಕೆ ಕುತ್ತು. ಅದನ್ನು ‘ಸ್ವಾಮಿ ಮೈಮೇಲೆ ಬಂದಿದ್ದಾನೆ’ ಎಂದು ಕೂರಿಸಿಕೊಳ್ಳಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಂಥವರು ಮಾಲೆಯ ದಿನಕ್ಕೆ ಎರಡು ವಾರ ಮೊದಲೇ ವೈದ್ಯರನ್ನು ಕಂಡರೆ ಔಷಧಿಯ ಆಸರೆಯಲ್ಲಿ ಸುರಕ್ಷಿತವಾಗಿ ಬಿಡಬಹುದು. ಸಿಗರೇಟಿನದು ಬೇರೆ, ಒಮ್ಮೆಲೇ ಬಿಟ್ಟರೆ ಸಿಟ್ಟು, ಚಡಪಡಿಕೆ ಬರುತ್ತದೆ, ಜೀವಾಪಾಯ ಇಲ್ಲ.

ಪ್ರಶ್ನೆ: ಜಪಕ್ಕೆ ಕೂತರೆ ಬೇಡದ ಯೋಚನೆ ಇನ್ನೂ ಜಾಸ್ತಿ ಬರುತ್ತೆ. ಮಣಿ ಮುಗಿದಿರುತ್ತೆ, ಮನಸ್ಸು ಎಲ್ಲೋ. ಎಷ್ಟು ಸಂಖ್ಯೆ ಮಾಡಿದರೆ ನಿಲ್ಲುತ್ತೆ?

ಪುರೋಹಿತರು: ಸಂಖ್ಯೆ ಏರಿಸಿದರೆ ನಿಲ್ಲುವುದಿಲ್ಲ, ವೇಗ ಇಳಿಸಿದರೆ ಕಡಿಮೆಯಾಗುತ್ತದೆ. ‘ಓಂ ನಮಃ ಶಿವಾಯ’ ಅಥವಾ ‘ಓಂ ನಮೋ ನಾರಾಯಣಾಯ’ ಒಂದಕ್ಕೆ ಮೂರು ಸೆಕೆಂಡು ಹಿಡಿದರೂ 108ಕ್ಕೆ ಐದೂವರೆ ನಿಮಿಷ ಬೇಕು. ನಿಮ್ಮದು ಎರಡು ನಿಮಿಷದಲ್ಲಿ ಮುಗಿಯುತ್ತಿದ್ದರೆ ನಾಲಿಗೆ ಓಡುತ್ತಿದೆ, ಮನಸ್ಸಿಗೆ ಅಲ್ಲಿ ಕೆಲಸವೇ ಇಲ್ಲ.

ಎರಡನೆಯ ತಪ್ಪು, ಮೇಲಿನ ಮೆಟ್ಟಿಲಿಂದ ಶುರುಮಾಡುವುದು. ವಾಚಿಕ ಅಂದರೆ ಕೇಳುವಂತೆ ಹೇಳುವುದು, ಉಪಾಂಶು ಅಂದರೆ ತುಟಿ ಮಾತ್ರ ಅಲುಗುವುದು, ಮಾನಸ ಅಂದರೆ ಒಳಗೇ. ಉಪಾಂಶು ನೂರು ಪಟ್ಟು, ಮಾನಸ ಸಾವಿರ ಪಟ್ಟು ಶ್ರೇಷ್ಠ ಅನ್ನುವ ಮನುಸ್ಮೃತಿಯ ಲೆಕ್ಕ ಕೇಳಿ ಎಲ್ಲರೂ ಸಾವಿರಕ್ಕೇ ಕೈ ಹಾಕುತ್ತಾರೆ. ಹೊಸಬರ ಮಾನಸ ಜಪ ಹತ್ತು ಮಣಿಯೊಳಗೆ ಹಗಲುಗನಸು. ಮೊದಲ 27 ಗಟ್ಟಿಯಾಗಿ, ಮುಂದಿನ 54 ತುಟಿಯಲ್ಲಿ, ಕೊನೆಯ 27 ಮಾತ್ರ ಮನಸ್ಸಿನಲ್ಲಿ ಮಾಡಿ. ಜಾರಿತು ಅನ್ನಿಸಿದ ಕೂಡಲೇ ಒಂದು ಮೆಟ್ಟಿಲು ಕೆಳಗಿಳಿದು ತುಟಿಗೆ ಬನ್ನಿ.

ಮೂರನೆಯದು ಜಪಮಾಲೆಯನ್ನೇ ನಂಬುವುದು. ಮಣಿ ತಾನಾಗಿ ಜರುಗುತ್ತದೆ, ಮನಸ್ಸು ಇರಲಿ ಬಿಡಲಿ. ಸ್ವಲ್ಪ ಕಾಲ ಕರಮಾಲೆ ಮಾಡಿ, ಅಂದರೆ ಹೆಬ್ಬೆರಳಿನಿಂದ ಬೆರಳ ಗೆಣ್ಣು ಮುಟ್ಟುತ್ತಾ ಎಣಿಸಿ. ಬಲಗೈ ಉಂಗುರ ಬೆರಳಿನ ನಡುಗೆಣ್ಣು ಒಂದು, ಅದರ ಬುಡ ಎರಡು. ಕಿರುಬೆರಳಿನ ಬುಡ, ನಡು, ತುದಿ ಮೂರು ನಾಲ್ಕು ಐದು. ಉಂಗುರ ಬೆರಳಿನ ತುದಿ ಆರು, ನಡುಬೆರಳಿನ ತುದಿ ಏಳು. ತೋರುಬೆರಳಿನ ತುದಿ, ನಡು, ಬುಡ ಸೇರಿ ಹತ್ತು. ನಡುಬೆರಳಿನ ಉಳಿದೆರಡು ಗೆಣ್ಣು ಮೇರು, ಅದನ್ನು ಮುಟ್ಟಬಾರದು. ಹತ್ತಾದಾಗ ಎಡಗೈಯಲ್ಲಿ ಒಂದು ಗೆಣ್ಣು ಸರಿಸಿ. ಹತ್ತು ಸುತ್ತು ಮುಗಿದ ಮೇಲೆ ಎಂಟು. ಇದರ ಲಾಭ ಏನೆಂದರೆ, ಮನಸ್ಸು ಹೋದ ಕ್ಷಣಕ್ಕೆ ಹೆಬ್ಬೆರಳು ಎಲ್ಲಿತ್ತೆಂದು ಮರೆತುಹೋಗುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಆಗ ಸಿಟ್ಟಿಗೆದ್ದು ಮೊದಲಿಂದ ಶುರುಮಾಡಬೇಡಿ. ಖಚಿತವಾಗಿ ನೆನಪಿರುವ ಹತ್ತಕ್ಕೆ ಹಿಂತಿರುಗಿ. ಮನಸ್ಸು ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಲ್ಲಿಂದ ಕರೆತರಬೇಕು ಅನ್ನುತ್ತದೆ ಗೀತೆಯ ಆರನೆಯ ಅಧ್ಯಾಯ. ಹೋಗದಂತೆ ಕಟ್ಟಿಹಾಕು ಅನ್ನುವುದಿಲ್ಲ. ನೂರೆಂಟರಲ್ಲಿ ನಲವತ್ತು ಸಲ ಕರೆತಂದಿದ್ದರೆ ಆ ದಿನ ನಲವತ್ತು ಸಲ ಅಭ್ಯಾಸವಾಗಿದೆ.

ಪ್ರಶ್ನೆ: ಸಂಕೋಚ ಬಿಟ್ಟು ಕೇಳ್ತಿದ್ದೀನಿ. ರಾತ್ರಿ ಹಾಸಿಗೆಯಲ್ಲಿ ಮೊಬೈಲಿನಲ್ಲಿ ನೋಡಬಾರದ್ದು ನೋಡೋ ಚಟ. ಆಮೇಲೆ ಅಪವಿತ್ರ ಅನ್ನಿಸಿ ಮೂರು ನಾಲ್ಕು ದಿನ ದೇವರ ಮನೆಗೇ ಹೋಗಲ್ಲ.

ಪುರೋಹಿತರು: ಚಟಕ್ಕಿಂತ ಆ ಮೂರು ನಾಲ್ಕು ದಿನದ ಅಂತರವೇ ದೊಡ್ಡ ನಷ್ಟ. ಅರ್ಚನೆಗೆ, ಉಪದೇಶವಾದ ಮಂತ್ರಕ್ಕೆ ಸ್ನಾನ ಮಡಿಯ ನಿಯಮ ಇದೆ. ನಾಮಸ್ಮರಣೆಗೆ ಹೊತ್ತು ಜಾಗದ ಕಟ್ಟಿಲ್ಲ. ಹಾಗಾಗಿ ಆ ಕ್ಷಣದಲ್ಲೇ ನಾಮ ಹೇಳಬಹುದು, ಬೆಳಿಗ್ಗೆ ಮಿಂದು ದಿನದ ಸಂಖ್ಯೆ ಮಾಡಬೇಕು, ಎಂದಿನಷ್ಟೇ. ತಪ್ಪಿಗೆ ದಂಡ ಅಂತ ದುಪ್ಪಟ್ಟು ಜಪ ಹಾಕಿಕೊಂಡವರು ಮೂರನೆಯ ದಿನ ಜಪ ಕಂಡರೇ ಓಡುತ್ತಾರೆ.

‘ಈ ಯೋಚನೆ ಬರದಿರಲಿ ದೇವರೇ’ ಅಂತ ಐವತ್ತು ಸಲ ಬೇಡಿದರೆ ಐವತ್ತು ಸಲ ಅದನ್ನೇ ನೆನೆದಂತಾಯಿತು. ಯೋಗಸೂತ್ರದ ಎರಡನೆಯ ಪಾದ, 33ನೆಯ ಸೂತ್ರ ಹೇಳುವುದು ಪ್ರತಿಪಕ್ಷ ಭಾವನೆ: ಯೋಚನೆಯನ್ನು ತಡೆಯುವುದಲ್ಲ, ಎದುರಿಗೆ ಬೇರೊಂದನ್ನು ಕೂರಿಸುವುದು. ಅದು ಹಗಲೇ ತಯಾರಿರಬೇಕು. ಇಷ್ಟದೇವತೆಯ ರೂಪವನ್ನು ಪಾದದಿಂದ ಮುಖದವರೆಗೆ ಹತ್ತು ಹಂತ ಮಾಡಿಕೊಳ್ಳಿ: ಪಾದ, ಗೆಜ್ಜೆ, ಪೀತಾಂಬರ, ಹೀಗೆ. ಆಸೆ ಎದ್ದಾಗ ಮಲಗಿದಲ್ಲೇ ಪಾದದಿಂದ ಶುರುಮಾಡಿ. ಕಣ್ಣಿಗೆ ರೂಪದ ಹಸಿವು ಇರುವವನಿಗೆ ಬರೀ ಶಬ್ದ ಕೊಟ್ಟರೆ ಸಾಲದು. ರೂಪಕ್ಕೆ ರೂಪವೇ ಬೇಕು.

ಮನೋವೈದ್ಯೆ: ಆಸೆಯ ಅಲೆ ಏರಿ, ತುದಿ ಮುಟ್ಟಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ, ತೀರಿಸದಿದ್ದರೆ ಏರುತ್ತಲೇ ಹೋಗುತ್ತದೆ ಅನ್ನುವುದು ಸುಳ್ಳು. ಆ ಅರ್ಧ ಗಂಟೆ ಫೋನ್ ಕೈಗೆಟುಕಬಾರದು. ನಡುಮನೆಯಲ್ಲಿ ಚಾರ್ಜಿಗೆ ಹಾಕಿ, ಅಲಾರಂಗೆ ಬೇರೆ ಗಡಿಯಾರ ಕೊಳ್ಳಿ. ಹದಿನೈದು ದಿನ ಚಟ ಬಂದ ಹೊತ್ತು ಬರೆದಿಟ್ಟರೆ ಹೆಚ್ಚಿನವರಿಗೆ ಒಂದೆರಡು ಹೊತ್ತು, ಒಂದೆರಡು ಕಾರಣ ಮಾತ್ರ ಕಾಣುತ್ತವೆ: ಜಗಳ, ಒಂಟಿತನ, ಬರದ ನಿದ್ದೆ.

ಪ್ರಶ್ನೆ: ಏಕಾದಶಿ ಉಪವಾಸ ಮಾಡಿದ ದಿನವೇ ಮನೆಯವರ ಮೇಲೆ ಹೆಚ್ಚು ರೇಗ್ತೀನಿ. ತಲೆನೋವು ಬೇರೆ.

ಪುರೋಹಿತರು: ಅರ್ಧ ಕಾರಣ ಕಾಫಿ. ದಿನಾ ಮೂರು ಲೋಟ ಕುಡಿಯುವವರು ಒಮ್ಮೆಲೇ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆ ಸಿಡಿಯುತ್ತದೆ. ಅಷ್ಟಮಿಗೆ ಎರಡು, ನವಮಿಗೆ ಒಂದು, ದಶಮಿಗೆ ಅರ್ಧಕ್ಕೆ ಇಳಿಸಿ. ದಶಮಿ ರಾತ್ರಿ ‘ನಾಳೆ ಇಲ್ಲವಲ್ಲ’ ಎಂದು ಹೊಟ್ಟೆ ಬಿರಿಯ ತಿನ್ನುವುದು, ದ್ವಾದಶಿ ಪಾರಣೆಯಲ್ಲಿ ಬಡ್ಡಿ ಸಮೇತ ವಸೂಲಿ ಮಾಡುವುದು, ಎರಡೂ ಉಪವಾಸವನ್ನು ನಾಲಿಗೆಯ ಹಬ್ಬ ಮಾಡುತ್ತವೆ. ಆಹಾರ ಬಿಟ್ಟವನಿಗೆ ವಿಷಯ ದೂರವಾದರೂ ರುಚಿ ಉಳಿಯುತ್ತದೆ ಎಂದು ಗೀತೆಯೇ ಹೇಳಿದೆ. ರುಚಿಯನ್ನು ಪಳಗಿಸುವುದಕ್ಕೆ ನನ್ನ ಮಟ್ಟಿಗೆ ಚಾತುರ್ಮಾಸ್ಯ ಏಕಾದಶಿಗಿಂತ ಒಳ್ಳೆಯ ಶಾಲೆ: ಮಾಧ್ವರ ಮನೆಗಳಲ್ಲಿ ಒಂದು ತಿಂಗಳು ತರಕಾರಿ ಇಲ್ಲ, ಮುಂದಿನ ತಿಂಗಳು ಮೊಸರು, ಆಮೇಲೆ ಹಾಲು, ಕೊನೆಗೆ ದ್ವಿದಳ ಧಾನ್ಯ. ಒಂದು ಸಲಕ್ಕೆ ಒಂದೇ ಬಿಡುವುದು, ಅದೂ ಮೂವತ್ತು ದಿನ, ಹೊಟ್ಟೆ ತುಂಬಿಸಿಕೊಂಡೇ.

ಮನೋವೈದ್ಯೆ: ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು, ಮನಸ್ಸಿನ ಏರುಪೇರಿಗೆ ಲಿಥಿಯಂ ಮಾತ್ರೆ ನುಂಗುವವರು ನೀರೂ ಬಿಟ್ಟು ಉಪವಾಸ ಮಾಡಕೂಡದು.

ಪ್ರಶ್ನೆ: ಅಮ್ಮನ ಪರವಾಗಿ ಕೇಳ್ತಿದ್ದೇನೆ. ದೇವರ ಮುಂದೆ ನಿಂತರೆ ಕೆಟ್ಟ ಬೈಗುಳ, ಅಸಹ್ಯ ಚಿತ್ರ ಮನಸ್ಸಿಗೆ ಬರುತ್ತಂತೆ. ಅದಕ್ಕೆ ಸ್ತೋತ್ರ ಮತ್ತೆ ಮತ್ತೆ ಮೊದಲಿಂದ ಹೇಳ್ತಾರೆ, ಪೂಜೆ ಮೂರು ಗಂಟೆ ಹಿಡಿಯುತ್ತೆ.

ಮನೋವೈದ್ಯೆ: ಇದು ಆಸೆಯಲ್ಲ, ಪಾಪವೂ ಅಲ್ಲ. ಗೀಳು ಕಾಯಿಲೆಯ ಲಕ್ಷಣಗಳು ಹೀಗೇ ಇರುತ್ತವೆ. ಆಸೆಯ ಯೋಚನೆ ಹಿತ ಕೊಡುತ್ತದೆ, ಗೀಳಿನದು ಹೇಸಿಗೆ, ಭಯ ಕೊಡುತ್ತದೆ. ಭಕ್ತಿ ಹೆಚ್ಚಿದ್ದವರಿಗೆ ದೇವರ ವಿಷಯದಲ್ಲೇ ಬರುತ್ತದೆ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ತಿನ್ನುತ್ತಿದ್ದರೆ ತಪಾಸಣೆ ಬೇಕು. ಇಲ್ಲಿ ಜಪ ಹೆಚ್ಚಿಸುವುದು ಬೆಂಕಿಗೆ ತುಪ್ಪ: ಮರುಪಠಣದಿಂದ ಐದು ನಿಮಿಷ ಸಮಾಧಾನ ಸಿಗುತ್ತದೆ, ಮುಂದಿನ ಸಲ ಗೀಳು ಇನ್ನೂ ಹೆಚ್ಚು ಕೇಳುತ್ತದೆ. ಔಷಧಿ ಇದೆ, ಯೋಚನೆ ಬಂದರೂ ಮರುಪಠಣ ಮಾಡದೆ ಕೂರುವ ತರಬೇತಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ಕ್ಲಿನಿಕ್ ಇದೆ. ದೂರದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಪುರೋಹಿತರು: ನನ್ನ ಕಡೆಯಿಂದ ಅಮ್ಮನಿಗೆ ಹೇಳಿ, ಇದಕ್ಕೆ ಪ್ರಾಯಶ್ಚಿತ್ತ ಬೇಕಿಲ್ಲ. ಸ್ತೋತ್ರ ಒಂದೇ ಸಲ, ತಪ್ಪಿದ್ದರೆ ತಪ್ಪಿದಂತೆಯೇ ಕೃಷ್ಣಾರ್ಪಣ ಬಿಟ್ಟು ಏಳಲಿ. ಸ್ವರ ವರ್ಣ ತಪ್ಪಿದ್ದಕ್ಕೆ ಕ್ಷಮೆ ಕೇಳುವುದು ಪೂಜೆಯ ಕೊನೆಯಲ್ಲಿ ಇದ್ದೇ ಇದೆ.

ಮೊದಲು ಕೇಳಿದವರು: ಮೂರೂ ಚೀಟಿಯಲ್ಲಿ ಬರೆದೆ. ಎರಡನೇ ಮಂಡಲದ ನಡುವೆ ಒಂದು ದಿನ ತಪ್ಪಿದರೆ ಮತ್ತೆ ಒಂದರಿಂದ ಎಣಿಸಬೇಕಾ?

ಪುರೋಹಿತರು: ಬೇಡ. ಹೊರಗೆ ಮಾಲೆ ಇಲ್ಲ, ಇದು ನಿಮ್ಮ ಸ್ವಂತ ನಿಯಮ. ತಪ್ಪಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ಸಂಜೆ ಎಲ್ಲಿದ್ದಿರಿ, ಯಾರ ಜೊತೆ ಇದ್ದಿರಿ ಎಂದು ಒಂದು ಸಾಲು ಬರೆದು ಮುಂದೆ ಎಣಿಸಿ. ಮೂರು ಗುರುತು ದಾಟಿದರೆ ನಿಯಮ ನಿಮ್ಮ ಅಳತೆಗೆ ದೊಡ್ಡದು, 41ರ ಬದಲು 11 ದಿನಕ್ಕೆ ಇಳಿಸಿಕೊಳ್ಳಿ. ಶನಿವಾರದ ಭಜನೆ ಮಾತ್ರ ಇಳಿಸಬೇಡಿ.