ಐಸ್‌ಲ್ಯಾಂಡಿನ ಟ್ವೀಸೋಂಗೂರ್: ಮಧ್ಯಮಕ್ಕೆ ಬಂದಾಗ ಜೊತೆದನಿ ಯಾಕೆ ಕೆಡುತ್ತದೆ?

ಕಡಲತಡಿ, ಉಡುಪಿ:
ಐಸ್‌ಲ್ಯಾಂಡಿನ ಜನಪದದಲ್ಲಿ ಇಬ್ಬರು ಸೇರಿ ಹಾಡುವ ಟ್ವೀಸೋಂಗೂರ್ ಅಂತ ಒಂದು ಪದ್ಧತಿ ಉಂಟಲ್ಲ, ‘ಈಸ್‌ಲಾಂಡ್ ಫಾರ್‌ಸೈಲ್ಡಾ ಫ್ರೋನ್’ ಹಾಡಿನದ್ದು, ಅದನ್ನು ಅಭ್ಯಾಸ ಮಾಡ್ತಿದ್ದೇವೆ. ಸ್ವರಗಳು ನಮ್ಮ ಮೇಚಕಲ್ಯಾಣಿ ರಾಗದವೇ, ಅಂದ್ರೆ ಮ ಏರಿದ್ದು, ಪ್ರತಿಮಧ್ಯಮ. ಒಬ್ಬರು ಧಾಟಿ, ಇನ್ನೊಬ್ಬರು ಅದಕ್ಕೆ ಮೇಲಿನ ಪಂಚಮ, ಅಂದ್ರೆ ಅದರಿಂದ ಎಣಿಸಿ ಐದನೇ ಸ್ವರ. ಸ, ರಿ, ಗ ತನಕ ಚಂದ ಕೂಡ್ತದೆ, ಮ ಬಂದ ಕೂಡಲೇ ಕರ್ಕಶ. ಶ್ರುತಿಪೆಟ್ಟಿಗೆ ಬಿಳಿ ಒಂದರಲ್ಲಿ ಉಂಟು. ತಪ್ಪು ಗಂಟಲಿನದ್ದಾ, ಲೆಕ್ಕದ್ದಾ?

ಪಿಟೀಲು_ಮಂಗಳೂರು:
ಲೆಕ್ಕದ್ದು. ಪ್ರತಿಮಧ್ಯಮಕ್ಕೆ ಮೇಲಿನ ಐದನೇ ಸ್ವರ ತಾರಸ್ಥಾಯಿ ಸ. ಆದರೆ ಸ್ಥಾಯಿಯ ಹನ್ನೆರಡು ಸ್ವರಸ್ಥಾನಗಳ ಲೆಕ್ಕದಲ್ಲಿ ಆ ಅಂತರದಲ್ಲಿ ಏಳರ ಬದಲು ಆರೇ ಇರುವುದು. ಹಾಗಾಗಿ ಅದು ಶುದ್ಧ ಪಂಚಮ ಅಲ್ಲ, ಎಷ್ಟು ತಿದ್ದಿದರೂ ಕೂಡುವುದಿಲ್ಲ. ಅದೇ ಮ-ಕ್ಕೆ ಕೆಳಗೆ ಹೋಗಿ, ಮಂದ್ರ (ಕೆಳಸ್ಥಾಯಿಯ) ನಿ ಸಿಗ್ತದೆ. ಅದು ಸರಿಯಾದ ಪಂಚಮ. ಸ-ಕ್ಕೆ ಇದರ ತಿರುಗುಮುರುಗು: ಮೇಲೆ ಪ ಕೂಡ್ತದೆ, ಕೆಳಗಿನ ಮ ಕೂಡುವುದಿಲ್ಲ.

ಅಂದ್ರೆ ಜೊತೆದನಿ ಎಲ್ಲೋ ಒಂದು ಕಡೆ ಧಾಟಿಯನ್ನು ದಾಟಿ ಕೆಳಗೆ ಇಳಿಯಲೇಬೇಕು. ಟ್ವೀಸೋಂಗೂರ್‌ನ ಗುರುತೇ ಈ ದಾಟುವಿಕೆ. ಇಡೀ ಹಾಡಿಗೆ ಒಬ್ಬರೇ ಮೇಲೆ ನಿಂತರೆ ಅದು ಟ್ವೀಸೋಂಗೂರ್ ಅಲ್ಲ ಮಾರಾಯ್ರೆ. ಅಭ್ಯಾಸಕ್ಕೆ ಹೀಗೆ ಮಾಡಿ: ಧಾಟಿ ಸ, ಜೊತೆ ಪ. ಧಾಟಿ ರಿ, ಜೊತೆಯೂ ರಿ. ಧಾಟಿ ಗ, ಜೊತೆ ಮಂದ್ರ ದ. ಧಾಟಿ ಮ, ಜೊತೆ ಮಂದ್ರ ನಿ. ಇಬ್ಬರೂ ರಿ-ಯಲ್ಲಿ ಒಮ್ಮೆ ಸೇರಿ ಹೋಗುವುದರಿಂದ ಜೊತೆಯವರು ಒಂದೇ ನೆಗೆತಕ್ಕೆ ಒಂದು ಸ್ಥಾಯಿ ಹಾರಬೇಕಾಗಿಲ್ಲ.

ಇನ್ನೊಂದು, ಮ ಮತ್ತು ನಿ-ಗಳನ್ನು ನಮ್ಮ ಕಲ್ಯಾಣಿಯ ಹಾಗೆ ಅಲುಗಿಸಬೇಡಿ. ಗಮಕ ಬಂದರೆ ಪಂಚಮ ಅಲ್ಲೇ ಸತ್ತಿತು. ಸ್ವರ ಗೂಟದ ಹಾಗೆ ನಿಲ್ಲಬೇಕು. ಶ್ರುತಿಪೆಟ್ಟಿಗೆಯಲ್ಲಿ ಸ ಹಿಡಿದುಕೊಂಡ ಮೇಲೆ ಅದನ್ನು ಬಂದ್ ಮಾಡಿ. ಅದರ ಸ-ಪ ಜೊತೆ ನಿಮ್ಮ ಮ-ನಿ ತಿಕ್ಕಾಡ್ತದೆ, ತಪ್ಪು ಯಾರದ್ದು ಅಂತ ಗೊತ್ತಾಗುವುದಿಲ್ಲ.

ಹಳೆಗಡತ:
ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಚರಿತ್ರೆ. ಹೀಗೆ ಪಂಚಮದಲ್ಲಿ ಜೋಡಿಯಾಗಿ ಹಾಡುವುದು ಮಧ್ಯಯುಗದಲ್ಲಿ ಯುರೋಪಿನ ಇಗರ್ಜಿಗಳಲ್ಲೂ ಇತ್ತು. ಅಲ್ಲಿ ಅದು ಬೇಗ ಹಳತಾಯಿತು. ಐಸ್‌ಲ್ಯಾಂಡ್ ದೂರದ ದ್ವೀಪ, ಇಗರ್ಜಿಗಳಲ್ಲಿ ಆರ್ಗನ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಹಾಗಾಗಿ ಬಾಯಿಂದ ಬಾಯಿಗೆ ಉಳಿಯಿತು. 1840ರಲ್ಲಿ ರೇಕ್ಯಾವಿಕ್ ಕೆಥೆಡ್ರಲ್‌ಗೆ ಆರ್ಗನ್ ಬಂತು, ಪ್ಯೆಟುರ್ ಗುದ್ಯೋನ್ಸೆನ್ ಅದನ್ನು ನುಡಿಸಿದರು. ಹೊಸ ಬಗೆಯ ಹಾಡುಗಾರಿಕೆ ಊರೂರಿಗೆ ಹಬ್ಬಿದ ಮೇಲೆ ಹಳೆಯದ್ದು ಒರಟು ಅನ್ನಿಸಿಕೊಂಡಿತು. ಸಿಗ್ಲುಫ್ಯೋರ್ದೂರ್ ಊರಿನ ಪಾದ್ರಿ ಬ್ಯಾರ್ನಿ ಥೋರ್‌ಸ್ಟೀನ್ಸನ್ ಧಾಟಿಗಳನ್ನು ಹುಡುಕಿ ಬರೆದು 1906ರಿಂದ 1909ರ ಒಳಗೆ ಅಚ್ಚು ಹಾಕಿಸದಿದ್ದರೆ ಎಷ್ಟೋ ಹೋಗಿಬಿಡ್ತಿತ್ತು.

ಇದನ್ನು ರೀಮೂರ್ ಜೊತೆ ಕಲಸಬೇಡಿ. ರೀಮೂರ್ ಒಬ್ಬರೇ ಹೇಳುವ ಕಥಾಪದ್ಯ, 14ನೇ ಶತಮಾನದಿಂದ ಇರುವಂಥದ್ದು. ಚಳಿಗಾಲದ ರಾತ್ರಿ ಮನೆಮಂದಿಯೆಲ್ಲ ಉಣ್ಣೆ ಕೆಲಸ ಮಾಡುವಾಗ ಒಬ್ಬ ಹೇಳ್ತಿದ್ದ. ನಮ್ಮ ಮಳೆಗಾಲದ ತಾಳಮದ್ದಳೆ ನೆನಪಾದರೆ ಆಶ್ಚರ್ಯ ಇಲ್ಲ, ಆದರೆ ಅಲ್ಲಿ ಮದ್ದಳೆಯೂ ಇಲ್ಲ, ಅರ್ಥ ಹೇಳುವವರೂ ಇಲ್ಲ. ನಮ್ಮ ಪ್ರಾಸ ಪಾದದ ಎರಡನೇ ಅಕ್ಷರದಲ್ಲಿ. ಅವರದ್ದು ಒತ್ತು ಬೀಳುವ ಅಕ್ಷರದ ಮೊದಲ ಧ್ವನಿಯಲ್ಲಿ: ಮೊದಲ ಸಾಲಲ್ಲಿ ಎರಡು ಸಲ, ಮುಂದಿನ ಸಾಲಿನ ಮೊದಲ ಒತ್ತಿನಲ್ಲಿ ಒಂದು ಸಲ. ಸ್ವರಾಕ್ಷರ ಆದರೆ ಯಾವುದಕ್ಕೆ ಯಾವುದೂ ಕೂಡ್ತದೆ.

ತಮಾಷೆ ಏನೆಂದರೆ, ನೀವು ಹಾಡುವ ಕವಿತೆ 1835ರದ್ದು, ಯೋನಾಸ್ ಹಾಲ್‌ಗ್ರಿಮ್ಸನ್‌ದು. ಎರಡೇ ವರ್ಷದಲ್ಲಿ ಅವನೇ ಆ ಕಾಲದ ಒಂದು ರೀಮೂರನ್ನು ಹಿಗ್ಗಾಮುಗ್ಗಾ ಝಾಡಿಸಿ ವಿಮರ್ಶೆ ಬರೆದ. ಜನಪದವನ್ನು ಬೈದವನ ಪದ್ಯವೇ ಈಗ ಜನಪದ ಧಾಟಿಯಲ್ಲಿ ಬದುಕಿರುವುದು.

ಕಡಲತಡಿ, ಉಡುಪಿ:
ರಿ-ಯಲ್ಲಿ ಸೇರಿ ಇಳಿದು ನೋಡಿದ್ವಿ, ಸರಿಯಾಯ್ತು. ಲೌಂಗ್‌ಸ್ಪಿಲ್ ಅಂತ ಅವರ ಒಂದು ತಂತಿವಾದ್ಯ ಉಂಟಲ್ಲ, ಅದನ್ನು ಜೊತೆಗೆ ಇಟ್ಟುಕೊಳ್ಳಬಹುದಾ?

ಪಿಟೀಲು_ಮಂಗಳೂರು:
ಇದಕ್ಕೆ ಬೇಡ. ಅದರಲ್ಲಿ ಒಂದು ತಂತಿ ಧಾಟಿಗೆ, ಉಳಿದವು ಒಂದೇ ಸಮ ಶ್ರುತಿ ಹಿಡಿಯುವಂಥವು. ಶ್ರುತಿಪೆಟ್ಟಿಗೆಯ ತೊಂದರೆಯೇ ಮತ್ತೆ ಬರ್ತದೆ. ಒಬ್ಬರೇ ಹಾಡುವುದಾದರೆ ಚಂದ. ಉದ್ದ ಪೆಟ್ಟಿಗೆ, ಎಡಗೈ ಹೆಬ್ಬೆರಳಲ್ಲಿ ತಂತಿ ಒತ್ತಿ ಬಲಗೈಯಲ್ಲಿ ಕಮಾನು ಎಳೆಯುವುದು.

ಮಾಡಿಸುವುದಾದರೆ ಧಾಟಿ ತಂತಿಯ ನುಡಿಯುವ ಉದ್ದ 750 ಮಿಲಿಮೀಟರ್ ಇಟ್ಟುಕೊಳ್ಳಿ. ತಲೆಕಡೆಯಿಂದ ಮೆಟ್ಟುಗಳು (ತಂತಿ ಒತ್ತುವ ಅಡ್ಡಪಟ್ಟಿಗಳು), ಮಿಲಿಮೀಟರ್ ಲೆಕ್ಕದಲ್ಲಿ: ರಿ 83, ಗ 150, ಪ್ರತಿಮಧ್ಯಮ 217, ಪ 250, ದ 300, ನಿ 350, ಮೇಲಿನ ಸ 375. ತಂತಿ ಮೆಟ್ಟಿನಿಂದ ಎತ್ತರ ಇದ್ದರೆ ಒತ್ತುವಾಗ ಬಿಗಿಯಾಗಿ ಸ್ವರ ಏರ್ತದೆ. ಅದಕ್ಕೆ ಮೊದಲು ಮೆಟ್ಟುಗಳನ್ನು ನೂಲಲ್ಲಿ ಕಟ್ಟಿ, ಕೇಳಿ, ಒಂದೆರಡು ಮಿಲಿಮೀಟರ್ ಸರಿಸಿ, ಆಮೇಲೆ ಅಂಟಿಸಿ. ನಮ್ಮ ಮಳೆಗಾಲದಲ್ಲಂತೂ ಅಂಟಿಸಲೇಬೇಡಿ. ಮರ ತೇವ ಎಳೆದು ಮೇಲ್ಹಲಗೆ ಉಬ್ಬಿದರೆ ಇಷ್ಟು ಲೆಕ್ಕವೂ ನೀರಲ್ಲಿ ಹೋಮ.