ಗಿಟಾರ್ ಹಬ್ಬದ ಬೋರ್ಡಿಗೆ ಪದ ಬೇಕು: ಲೂಥಿಯರ್, ವರ್ಕ್‌ಶಾಪ್, ಬ್ರಿಡ್ಜ್

ಧಾರವಾಡದಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರವಿದೆ. ನಮ್ಮೂರಲ್ಲಿ ಅಕೌಸ್ಟಿಕ್ ಗಿಟಾರ್ ಹಬ್ಬ ಮಾಡುತ್ತಿದ್ದೇವೆ. ಕೈಯಿಂದ ಗಿಟಾರ್ ಮಾಡುವವರು, ಅಂದರೆ ಲೂಥಿಯರ್‌ಗಳು, ಬಂದು ತಮ್ಮ ಕೆಲಸದ ಬಗ್ಗೆ ಮಾತಾಡುತ್ತಾರೆ. ಬೆಳಗಿನ ಹೊತ್ತು ಕೂತು ಕಲಿಯುವ ಕೆಲಸಗಳು: ತಂತಿ ಬದಲಿಸುವುದು, ಫ್ರೆಟ್ (ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಇರುವ ಲೋಹದ ಪಟ್ಟಿ) ಉಜ್ಜಿ ಸಮ ಮಾಡುವುದು, ಸ್ಯಾಡಲ್ ತಿದ್ದುವುದು. ಬೋರ್ಡು, ಕಾರ್ಯಕ್ರಮದ ಪಟ್ಟಿ ಎರಡೂ ಕನ್ನಡದಲ್ಲೇ ಇರಬೇಕು ಅಂತ ನಾನು ಪಟ್ಟು ಹಿಡಿದಿದ್ದೇನೆ. ಪ್ರೆಸ್ಸಿನವರು ನಾಳೆ ಬೆಳಗ್ಗೆ ಮ್ಯಾಟರ್ ಕೇಳಿದ್ದಾರೆ.

ಲೂಥಿಯರ್‌ಗೆ ಏನು ಬರೆಯಲಿ? ವಾದ್ಯಶಿಲ್ಪಿ ಅಂದರೆ ಮೂರ್ತಿ ಕೆತ್ತುವವರ ನೆನಪಾಗುತ್ತದೆ. ವರ್ಕ್‌ಶಾಪ್ ಅಂತಲೇ ಹಾಕೋಣ ಅಂದರೆ ಹುಬ್ಬಳ್ಳಿಯವರಿಗೆ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪೇ ಕಣ್ಣ ಮುಂದೆ ಬರುತ್ತದೆ. ತಂತಿ ಹೊರುವ ಬ್ರಿಡ್ಜಿಗೆ ಒಬ್ಬರು ‘ಸೇತುವೆ’ ಅಂತ ಬರೆದುಕೊಟ್ಟಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ರೋಸ್‌ವುಡ್ ಬಗ್ಗೆಯೂ ಒಂದು ಮಾತು ಇದೆ, ಅದಕ್ಕೂ ಹೆಸರು ಬೇಕು.

ಗದಗದಿಂದ:

ಅಕ್ಕಾವ್ರೆ, ಸೇತುವೆ ಬೇಡವೇ ಬೇಡ. ವೀಣೆಗೂ ಪಿಟೀಲಿಗೂ ‘ಕುದುರೆ’ ಇದೆ, ಗಿಟಾರಿಗೂ ಅದೇ ಸಾಕು. ಸಿತಾರಿನವರು ‘ಘೋಡಿ’ ಅಂತಾರೆ, ಅದೂ ಕುದುರೆಯೇ. ವಾದ್ಯದ ಮೇಲೆ ನಿಂತು ಬೆನ್ನ ಮೇಲೆ ತಂತಿ ಹೊರುವ ಈ ತುಂಡನ್ನು ಎರಡು ಭಾಷೆಯವರೂ ಒಂದೇ ಥರ ಕಂಡಿದ್ದಾರೆ. ಇಷ್ಟು ಚೆಂದದ ಮಾತು ಕೈಯಲ್ಲಿರುವಾಗ ಇಂಗ್ಲಿಷಿನ ಬ್ರಿಡ್ಜನ್ನು ತಂದು ಸೇತುವೆ ಕಟ್ಟುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಇನ್ನೂ ಒಂದಿದೆ. ಗಿಟಾರಿನ ಕುದುರೆಯನ್ನು ಮೇಲು ಹಲಗೆಗೆ ಅಂಟಿಸಿರುತ್ತಾರೆ. ಅದರ ಸೀಳಿನಲ್ಲಿ ಎಲುಬಿನ ಒಂದು ತೆಳು ಪಟ್ಟಿ ಕೂರುತ್ತದೆ, ಅದೇ ಸ್ಯಾಡಲ್. ಕುದುರೆ ಮೇಲೆ ಕೂರುವುದು ಜೀನು ತಾನೆ? ಹಾಗೇ ಬರೆಯಿರಿ. ಆ ಪಟ್ಟಿಯನ್ನು ಅಡಿಯಿಂದ ಒಂದು ಮಿಲಿಮೀಟರ್ ಉಜ್ಜಿದರೆ 12ನೇ ಫ್ರೆಟ್ಟಿನ ಮೇಲೆ ತಂತಿ ಸುಮಾರು ಅರ್ಧ ಮಿಲಿಮೀಟರ್ ಇಳಿಯುತ್ತದೆ, ಏಕೆಂದರೆ 12ನೇ ಫ್ರೆಟ್ ತಂತಿಯ ನಟ್ಟನಡುವೆ ಬರುತ್ತದೆ. ಜಾಸ್ತಿ ಉಜ್ಜಿದರೆ ತಂತಿ ಫ್ರೆಟ್ಟಿಗೆ ತಾಗಿ ಜರ್ ಅನ್ನುತ್ತದೆ. ಕಲಿಯಲು ಬಂದವರಿಗೆ ‘ಜೀನು ಇಳಿಸಿ’ ಅಂದರೆ ತಟ್ಟನೆ ತಿಳಿಯುತ್ತದೆ.

ಫ್ರೆಟ್ ಮಾತ್ರ ಫ್ರೆಟ್ಟೇ ಇರಲಿ. ವೀಣೆಯ ಮೆಟ್ಟಿಲು ಮೇಣದ ಮೇಲೆ ಕೂರುತ್ತದೆ. ಸಿತಾರಿನ ಪರದಾ ದಾರದಿಂದ ಕಟ್ಟಿದ್ದು, ಜರುಗುತ್ತದೆ. ಗಿಟಾರಿನದನ್ನು ಗೀರಿನೊಳಗೆ ಬಡಿದು ಕೂರಿಸಿರುತ್ತಾರೆ. ಮೂರೂ ಬೇರೆ ಬೇರೆ.

ಹಾವೇರಿಯಿಂದ:

ಜೀನು ಫಾರಸಿ. ‘ತಡಿ’ ಇದೆ, ಅದನ್ನೇ ಬಳಸಿ. ಲೂಥಿಯರ್ ಅನ್ನುವ ಪದ ಕನ್ನಡ ಬೋರ್ಡಿನ ಮೇಲೆ ಬರಕೂಡದು. ‘ಬಡಿಗ’ ಸಾಕು. ‘ಬಡಿ’ ಧಾತುವಿನಿಂದ ಹುಟ್ಟಿದ ಅಚ್ಚಗನ್ನಡ ಪದ.

ಹುಬ್ಬಳ್ಳಿಯಿಂದ:

ಹಾವೇರಿಯ ಸರ್, ಬಡಿಗ ‘ಬಡಿ’ಯಿಂದ ಬಂದಿಲ್ಲ. ಸಂಸ್ಕೃತದ ‘ವರ್ಧಕಿ’ಯ ತದ್ಭವ. ಹಿಂದಿಯ ‘ಬಢಈ’ ಕೂಡ ಅದೇ ಬೇರಿನದು. ಅದೂ ಅಲ್ಲದೆ ನಮ್ಮ ಕಡೆ ಬಡಿಗೇರ ಅನ್ನುವುದು ಮನೆತನದ ಹೆಸರು. ಬಂದ ಅತಿಥಿಗೆ ಬೋರ್ಡಿನ ಮೇಲೆ ಅದನ್ನು ಅಂಟಿಸುವುದು ಸರಿಯಲ್ಲ.

ಪದದ ಊರು ಯಾವುದು ಅಂತ ಹುಡುಕುತ್ತಾ ಹೋದರೆ ಕೊನೆಯೇ ಇಲ್ಲ. ಲೂಥಿಯರ್ ಫ್ರೆಂಚಿನದು, ‘ಲ್ಯೂತ್’ ಅನ್ನುವ ವಾದ್ಯದಿಂದ ಬಂದದ್ದು. ಆ ಲ್ಯೂತ್ ಅರಬ್ಬಿಯ ‘ಅಲ್ ಊದ್’ನಿಂದ ಬಂತು. ಅವರೂ ಸಾಲ ತಂದವರೇ. ಇತ್ತ ಹಾರ್ಮೋನಿಯಂ ಯುರೋಪಿನಿಂದ ಬಂತು, ನಮ್ಮ ಭಜನೆಯವರು ಅದನ್ನು ‘ಪೇಟಿ’ ಅಂದರು. ಯಾವ ಸಮಿತಿಯೂ ಕೂತು ಕೊಟ್ಟ ಹೆಸರಲ್ಲ ಅದು. ಬಾರಿಸುವವರು ಕರೆದದ್ದು ಉಳಿಯಿತು. ಮಿರಜದಲ್ಲಿ ಸಿತಾರು, ತಂಬೂರಿ ಮಾಡುವವರ ಮನೆತನಕ್ಕೆ ಸಿತಾರ್‌ಮೇಕರ್ ಅಂತಲೇ ಹೆಸರಿದೆ. ಅದರಿಂದ ಅವರ ಮರಾಠಿಗೇನೂ ಕುಂದು ಬರಲಿಲ್ಲ.

ನನ್ನ ಕೇಳಿದರೆ ‘ಗಿಟಾರ್ ಮಾಡುವವರು’ ಅಂತ ಬರೆಯಿರಿ. ಹೆಂಗಸರಿಗೂ ಗಂಡಸರಿಗೂ ಒಪ್ಪುತ್ತದೆ. ‘ತಯಾರಕರು’ ಅಂದರೆ ಕಾರ್ಖಾನೆಯ ವಾಸನೆ. ಒಬ್ಬರೇ ಕೂತು ಒಂದೊಂದೇ ಹಲಗೆ ಹೆರೆಯುವ ಕೆಲಸಕ್ಕೆ ಆ ಪದ ಸಲ್ಲದು.

ವರ್ಕ್‌ಶಾಪಿಗೆ ‘ಕಮ್ಮಟ’. ‘ಕಾರ್ಯಾಗಾರ’ ಕಚೇರಿಯ ಸುತ್ತೋಲೆಗೆ ಇರಲಿ. ಅದರಲ್ಲಿರುವ ‘ಆಗಾರ’ ಅಂದರೆ ಮನೆ, ಕಟ್ಟಡ. ನಿಮ್ಮಲ್ಲಿ ನಡೆಯುವುದು ಕಲಿಕೆ.

ರೋಸ್‌ವುಡ್‌ಗೆ ‘ಬೀಟೆ’, ಇದರಲ್ಲಿ ಎರಡು ಮಾತಿಲ್ಲ. ದಾಂಡೇಲಿ ಕಡೆಯ ಕಾಡಿನಲ್ಲಿ ಬೆಳೆಯುವ ಮರ. ಜಗತ್ತಿನ ಎಷ್ಟೋ ಒಳ್ಳೆಯ ಗಿಟಾರುಗಳ ಹಿಂಬದಿ, ಪಕ್ಕ ಎರಡೂ ಇದರದೇ. ನಮ್ಮ ಮರಕ್ಕೆ ನಾವೇ ಇಂಗ್ಲಿಷ್ ಹೆಸರು ಬರೆದರೆ ಹೇಗೆ? ‘ಸೀಸಂ’ ಅಂತಲೂ ಹಾಕಬೇಡಿ, ಅದು ಬೀಟೆಯ ಹತ್ತಿರದ ಬೇರೆ ಮರ. ಮೇಲು ಹಲಗೆಯ ಸ್ಪ್ರೂಸ್ ಚಳಿ ದೇಶದ್ದು. ಅದಕ್ಕೆ ಅದರ ಹೆಸರೇ ಇರಲಿ. ಬೀಟೆಯ ಮಾತಿಗೆ ಬರುವವರು ಕಾನೂನಿನ ಬಗ್ಗೆ ಖಂಡಿತ ಕೇಳುತ್ತಾರೆ. ಬೀಟೆ ಸೇರಿದ ಡಾಲ್ಬರ್ಜಿಯಾ ಕುಲವೆಲ್ಲ 2017ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಬಂತು. 2019ರಲ್ಲಿ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಪಟ್ಟಿಯಲ್ಲಿ ಒಂದು ಸಾಲು ಇದಕ್ಕೂ ಕೊಡಿ.

ಹಾವೇರಿಯಿಂದ:

ಕಮ್ಮಟ ಅಂದರೆ ಟಂಕಸಾಲೆ. ನಾಣ್ಯ ಹೊಡೆಯುವ ಜಾಗ. ಕಿಟೆಲ್ ಕೋಶ ತೆಗೆದು ನೋಡಿ.

ಹುಬ್ಬಳ್ಳಿಯಿಂದ:

ಕಿಟೆಲ್ ಕೋಶ 1894ರದ್ದು. ಆಮೇಲೆ ಕನ್ನಡದಲ್ಲಿ ಎಷ್ಟೋ ಕಾವ್ಯ ಕಮ್ಮಟ, ಕಥಾ ಕಮ್ಮಟ ನಡೆದಿವೆ, ಯಾರೂ ನಾಣ್ಯ ಹೊಡೆಯಲು ಹೋಗಲಿಲ್ಲ. ಹಳೆಯ ಅರ್ಥ ಗೌರವಿಸೋಣ ಸರ್, ಆದರೆ ಈಗಿನ ಬಳಕೆಯನ್ನು ಅದಕ್ಕೆ ಕಟ್ಟಿಹಾಕಬೇಡಿ.

ಧಾರವಾಡದಿಂದ:

ಎಲ್ಲರಿಗೂ ಶರಣು. ಪ್ರೆಸ್ಸಿಗೆ ಕಳಿಸಿದ್ದು ಹೀಗಿದೆ. ದೊಡ್ಡ ಬೋರ್ಡಿಗೆ ‘ಗಿಟಾರ್ ಮಾಡುವವರ ಜೊತೆ ಮಾತು’. ಬೆಳಗಿನ ಕೋಣೆಗೆ ‘ಕಮ್ಮಟ: ಕುದುರೆ, ಜೀನು, ಫ್ರೆಟ್ ತಿದ್ದುವುದು’. ಮಧ್ಯಾಹ್ನಕ್ಕೆ ‘ಬೀಟೆ ಮರ: ಕಾಡು, ಕಾನೂನು, ನಾದ’. ಅಕೌಸ್ಟಿಕ್ ಅನ್ನುವುದನ್ನು ಹಾಗೇ ಬಿಟ್ಟಿದ್ದೇನೆ. ನುಡಿಸುವ ಹುಡುಗರೆಲ್ಲ ಅದನ್ನೇ ಹೇಳುತ್ತಾರೆ.

ಹಾವೇರಿಯಿಂದ:

ತಡಿ ಬಿಟ್ಟು ಜೀನು ಹಾಕಿದ್ದಕ್ಕೆ ನನ್ನ ಒಪ್ಪಿಗೆ ಇಲ್ಲ. ಫ್ರೆಟ್ಟಿಗೆ ಮೆಟ್ಟಿಲು ಅನ್ನದೆ ಬಿಟ್ಟದ್ದು ಇನ್ನೂ ದೊಡ್ಡ ತಪ್ಪು. ಮೇಣವೋ ಗೀರೋ, ಬೆರಳು ಏರಿ ಇಳಿಯುವುದು ಮೆಟ್ಟಿಲ ಮೇಲೆಯೇ. ಅದರ ಬಗ್ಗೆ ಬೇರೆ ಬರೆಯುತ್ತೇನೆ.