ಅಪ್‌ಡೇಟ್: ಬೈತಖೋಲ ಬಂದರಿನ ತಾಯಿನಾಯಿ ಮತ್ತು ಮರಿಗಳು

ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆಗಳ ರಾಶಿ ಪಕ್ಕ ಮರಿ ಹಾಕಿದ ಬೀದಿನಾಯಿಯನ್ನು ಪ್ರಾಣಿ ಆಶ್ರಯ ಕೇಂದ್ರದವರು ಒಯ್ದರೆ ವಾಪಸ್ ಬಿಡುತ್ತಾರಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಧನ್ಯವಾದ.

ಕೇಂದ್ರದ ಹುಡುಗರು ಬಂದು ನೋಡಿದರು. ಮರಿಗಳು ಹಾಲು ಬಿಡುವ ತನಕ ತಾಯಿಯನ್ನು ಮುಟ್ಟುವುದಿಲ್ಲ ಎಂದರು. ನನಗೆ ಅದೇ ದೊಡ್ಡ ಸಮಾಧಾನ. ಆಮೇಲೆ ಸಂತಾನಹರಣ ಚಿಕಿತ್ಸೆ, ರೇಬೀಸ್ ಲಸಿಕೆ, ಗುರುತಿಗೆ ಕಿವಿಯಂಚನ್ನು ಸ್ವಲ್ಪ ಕತ್ತರಿಸುವುದು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದಂತೆ ಹಿಡಿದ ಜಾಗಕ್ಕೇ ತಂದು ಬಿಡುತ್ತಾರೆ. ಇದನ್ನು ದೂರ ಸಾಗಿಸಿದರೆ ಆ ಜಾಗಕ್ಕೆ ಲಸಿಕೆಯಿಲ್ಲದ ಬೇರೆ ನಾಯಿ ಬಂದು ಸೇರುತ್ತದೆ, ಅಷ್ಟೇ.

ಅವರ ನಿಜವಾದ ಚಿಂತೆ ಮಳೆಗಾಲದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟುಗಳು ಕಡಲಿಗಿಳಿಯದಿದ್ದರೆ ಬಂದರಿನ ನಾಯಿಗಳಿಗೆ ಮೀನಿನ ತಲೆ-ಬಾಲವೂ ಸಿಗುವುದಿಲ್ಲ. ಹಸಿದವು ಊರೊಳಗೆ ನುಗ್ಗುತ್ತವೆ, ಅಲ್ಲಿನ ನಾಯಿಗಳ ಜೊತೆ ಕಚ್ಚಾಡುತ್ತವೆ, ಜನ ಕಲ್ಲು ಹೊಡೆಯುತ್ತಾರೆ. ಆ ಎರಡು ತಿಂಗಳು ಅನ್ನ ಹಾಕಲು ಮೀನು ಮಾರುವ ಅಕ್ಕಂದಿರು ಕೇಂದ್ರದವರ ಜೊತೆ ಕೈಜೋಡಿಸಿದ್ದಾರೆ.

ಆ ಅಕ್ಕಂದಿರಲ್ಲೇ ಒಬ್ಬರು ಒಂದು ಹೆಣ್ಣುಮರಿಯನ್ನು ಸಾಕುತ್ತೇನೆಂದಿದ್ದಾರೆ (ಹೆಣ್ಣುಮರಿಯನ್ನು ಕೇಳುವವರೇ ಕಡಿಮೆ, ಅದಕ್ಕೇ ಖುಷಿ ಹೆಚ್ಚು). ಉಳಿದವಕ್ಕೆ ಮನೆ ಬೇಕು. ಮೂರು ತಿಂಗಳಾದಾಗ ರೇಬೀಸ್ ಚುಚ್ಚುಮದ್ದು ಹಾಕಿಸುತ್ತೇವೆ ಅನ್ನುವವರು ದಯವಿಟ್ಟು ತಿಳಿಸಿ.